ಮೊದಲ ಮಳೆ, ಕೆಂಪು ದೂಳು, ಹೆದ್ದಾರಿ



ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಹೊಸಪೇಟೆಯ ಸುತ್ತಮುತ್ತ ಬೀಳುವುದು ಅದರ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ, ಸುಮಾರು 600 ಮಿಲಿಮೀಟರ್. ಮಳೆಯ ದಿನವೆಂದು ಹವಾಮಾನ ಇಲಾಖೆ ಲೆಕ್ಕಕ್ಕೆ ಹಿಡಿಯುವುದು 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಳೆ ಬಿದ್ದ ದಿನವನ್ನು. ಅಂತಹ ದಿನಗಳು ಈ ಭಾಗದಲ್ಲಿ ವರ್ಷಕ್ಕೆ ಐವತ್ತನ್ನೂ ಮುಟ್ಟುವುದಿಲ್ಲ. ಹಾಗಿರುವಾಗ ಮಳೆಯಿಂದ ಹೆದ್ದಾರಿಯಲ್ಲಿ ಉಂಟಾಗುವ ಅಪಾಯದ ಮಾತನ್ನು ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಹೆಸರಿನಲ್ಲಿ ಎತ್ತುವುದೇಕೆ ಎಂಬ ಪ್ರಶ್ನೆ ಘಟ್ಟದ ಮೇಲಿನವರಲ್ಲಿ ಮೂಡುವುದು ಸಹಜ. ವರ್ಷದಲ್ಲಿ ನಾಲ್ಕು ತಿಂಗಳು ಒದ್ದೆ ರಸ್ತೆಯಲ್ಲೇ ಓಡಾಡುವವರು ಅವರು.

ಉತ್ತರ ಅಡಗಿರುವುದೂ ಈ ಪ್ರಶ್ನೆಯಲ್ಲಿಯೇ. ರಸ್ತೆಯ ಮಟ್ಟಿಗೆ ಮಳೆ ಎಷ್ಟು ಬಿತ್ತು ಎಂಬುದಕ್ಕಿಂತ, ಎಷ್ಟು ದಿನಗಳ ಬಳಿಕ ಬಿತ್ತು, ಏನಿನ ಮೇಲೆ ಬಿತ್ತು ಎಂಬುದು ಹೆಚ್ಚು ಮುಖ್ಯ. ಅಮೆರಿಕದ ಡೇನಿಯಲ್ ಐಸೆನ್‌ಬರ್ಗ್ ಎಂಬ ಸಂಶೋಧಕರು ಆ ದೇಶದ 1975ರಿಂದ 2000ದವರೆಗಿನ ಅಪಘಾತ ಹಾಗೂ ಮಳೆಯ ದಾಖಲೆಗಳನ್ನು ಹೋಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ತಿಂಗಳ ಲೆಕ್ಕ ಹಿಡಿದರೆ ಮಳೆ ಹೆಚ್ಚಿದ ತಿಂಗಳಲ್ಲಿ ಪ್ರಾಣಾಂತಿಕ ಅಪಘಾತಗಳು ಕಡಿಮೆ. ದಿನದ ಲೆಕ್ಕ ಹಿಡಿದರೆ ಚಿತ್ರ ಬೇರೆ. ನಿನ್ನೆಯೂ ಮಳೆ ಬಂದಿದ್ದರೆ ಇಂದಿನ ಮಳೆಯ ಅಪಾಯ ತಗ್ಗುತ್ತದೆ. ಹಿಂದಿನ ಮಳೆ ಬಂದು ದಿನಗಳು ಕಳೆದಷ್ಟೂ ಅಪಾಯ ಏರುತ್ತ ಹೋಗುತ್ತದೆ. ಒಣಗಿದ ದಿನಗಳಲ್ಲಿ ರಸ್ತೆಯ ಮೇಲೆ ಎಣ್ಣೆಯ ಜಿಡ್ಡು, ಟೈರಿನಿಂದ ಸವೆದ ರಬ್ಬರ್ ಪುಡಿ, ಮಣ್ಣಿನ ದೂಳು ಸಂಗ್ರಹವಾಗುತ್ತವೆ. ಮೊದಲ ಹನಿಗಳು ಇವನ್ನೆಲ್ಲ ಕಲಸಿ ಲೇಪವಾಗಿಸುತ್ತವೆ. ಮಳೆ ಮುಂದುವರಿದರೆ ಅದೇ ನೀರು ಲೇಪವನ್ನು ತೊಳೆದು ಚರಂಡಿಗೆ ಒಯ್ಯುತ್ತದೆ. ತೊಳೆಯುವಷ್ಟು ಮಳೆ ಬಾರದೆ ಕಲಸುವಷ್ಟೇ ಬಂದು ನಿಂತರೆ ರಸ್ತೆಗೆ ಬಳಿದ ಜಾರುಮಣ್ಣು ಹಾಗೆಯೇ ಉಳಿಯುತ್ತದೆ. ಹೊಸಪೇಟೆ ಸೀಮೆಯ ಭರಣಿ, ಕೃತ್ತಿಕೆ ಮಳೆಗಳ ಗುಣ ಬಹುತೇಕ ಇದೇ. ನಾಲ್ಕೈದು ತಿಂಗಳ ಒಣಹವೆಯ ಬಳಿಕ ಗಾಳಿ, ಗುಡುಗಿನೊಂದಿಗೆ ಬಂದು ಅರ್ಧ ಗಂಟೆಯಲ್ಲಿ ನಿಂತುಹೋಗುವ ಮಳೆಗಳವು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೇಂದ್ರ ಸರ್ಕಾರದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ನಡೆದು 1,68,491 ಜನ ಮೃತಪಟ್ಟರು. ಅಪಘಾತಗಳಲ್ಲಿ ಸುಮಾರು ಮುಕ್ಕಾಲು ಪಾಲು ತಿಳಿಯಾದ ಹವೆಯಲ್ಲೇ ನಡೆದವು. ಇದನ್ನು ಓದಿ ಮಳೆಯಿಂದ ಅಪಾಯವಿಲ್ಲವೆಂದು ತೀರ್ಮಾನಿಸುವವರಿದ್ದಾರೆ. ಅದು ಲೆಕ್ಕದ ತಪ್ಪು. ವರ್ಷದ ಗಂಟೆಗಳಲ್ಲಿ ಬಹುಪಾಲು ಒಣ ಗಂಟೆಗಳೇ ಆಗಿರುವಾಗ ಅಪಘಾತಗಳಲ್ಲಿಯೂ ಬಹುಪಾಲು ಆಗಲೇ ನಡೆಯುವುದು ಸ್ವಾಭಾವಿಕ. ಕೇಳಬೇಕಾದದ್ದು ಮಳೆಯ ಒಂದು ಗಂಟೆಗೂ ಬಿಸಿಲಿನ ಒಂದು ಗಂಟೆಗೂ ಹೋಲಿಸಿದರೆ ಏನಾಗುತ್ತದೆ ಎಂದು. ಹೊಸಪೇಟೆಯಂತಹ ಊರಿನಲ್ಲಿ ಮಳೆಯ ಗಂಟೆಗಳು ಬೆರಳೆಣಿಕೆಯಷ್ಟಿರುವುದರಿಂದ ಅವುಗಳ ಅಪಾಯ ಒಟ್ಟು ಲೆಕ್ಕದಲ್ಲಿ ಮುಳುಗಿಹೋಗುತ್ತದೆ.

ಇನ್ನು ರಸ್ತೆಯ ಮೈಯನ್ನು ಕುರಿತು. ಹಂಪಿಯ ಹೇಮಕೂಟದ ಹಾಸುಬಂಡೆಯ ಮೇಲೆ ನಡೆದವರಿಗೆ ಒಂದು ಸಂಗತಿ ಅನುಭವಕ್ಕೆ ಬಂದಿರುತ್ತದೆ. ಕಣಕಣವಾಗಿ ಒರಟಾಗಿರುವ ಗ್ರಾನೈಟ್ ಬಂಡೆ ಒದ್ದೆಯಾದರೂ ಕಾಲಿಗೆ ಹಿಡಿತ ಕೊಡುತ್ತದೆ. ಅದೇ ಕಲ್ಲು ಮೆಟ್ಟಿಲಾಗಿ ನೂರಾರು ವರ್ಷ ಪಾದಗಳಿಂದ ಸವೆದು ನುಣುಪಾದಲ್ಲಿ ನಾಲ್ಕು ಹನಿ ನೀರು ಬಿದ್ದರೂ ಕಾಲು ಜಾರುತ್ತದೆ. ಕಲ್ಲು ಒಂದೇ, ಮೈ ಬೇರೆ. ಡಾಂಬರು ರಸ್ತೆಯಲ್ಲಿ ಟೈರು ತಾಗುವುದು ಹೆಚ್ಚಾಗಿ ಜಲ್ಲಿಯ ತುದಿಗಳನ್ನು. ಡಾಂಬರಿನ ಕೆಲಸ ಆ ಜಲ್ಲಿಯನ್ನು ಬಂಧಿಸಿಡುವುದು. ಜಲ್ಲಿಯ ಮುಖದ ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ಒರಟುತನ ನೀರಿನ ತೆಳುಪದರವನ್ನು ಚುಚ್ಚಿಕೊಂಡು ರಬ್ಬರನ್ನು ಮುಟ್ಟುತ್ತದೆ. ಜಲ್ಲಿ ಜಲ್ಲಿಗಳ ನಡುವಿನ ತಗ್ಗು, ಅಂದರೆ ಕಣ್ಣಿಗೆ ಕಾಣುವ ಒರಟುತನ, ಟೈರಿನ ಅಡಿಯಿಂದ ನೀರು ಓಡಿಹೋಗಲು ಕಾಲುವೆಯಾಗುತ್ತದೆ. ಮೊದಲನೆಯದು ಸವೆದರೆ ಕಡಿಮೆ ವೇಗದಲ್ಲೂ ಜಾರುವಿಕೆ; ಎರಡನೆಯದು ಮುಚ್ಚಿಹೋದರೆ ಹೆಚ್ಚಿನ ವೇಗದಲ್ಲಿ ಜಾರುವಿಕೆ. ಲಕ್ಷಾಂತರ ಚಕ್ರಗಳ ಉಜ್ಜುವಿಕೆಗೆ ಸಿಕ್ಕಿದ ಜಲ್ಲಿ ಹೇಮಕೂಟದ ಮೆಟ್ಟಿಲಿನ ಗತಿಯನ್ನೇ ಕಾಣುತ್ತದೆ. ಆದಕಾರಣ ಹೆದ್ದಾರಿಯ ಮೇಲ್ಪದರಕ್ಕೆ ಬಳಸುವ ಜಲ್ಲಿ ಬೇಗ ನುಣುಪಾಗದಂತಹದ್ದಾಗಿರಬೇಕೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿಯಮಾವಳಿ ವಿಧಿಸುತ್ತದೆ. ಅದಕ್ಕೆ ಪ್ರತ್ಯೇಕ ಪರೀಕ್ಷೆಯೂ 55 ಎಂಬ ಕನಿಷ್ಠ ಅಂಕವೂ ಇವೆ.

ಹಿಡಿತ ಎಷ್ಟು ಇಳಿದರೆ ಎಷ್ಟು ದೂರ ಹೆಚ್ಚುತ್ತದೆ ಎಂಬುದನ್ನು ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ಲೆಕ್ಕ ಹಾಕಬಹುದು. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಚಾಲಕ ಅಡ್ಡಿಯನ್ನು ಕಂಡು ಬ್ರೇಕ್ ಒತ್ತುವುದಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್ ಕೊಟ್ಟಿರುವ ಕಾಲ ಎರಡೂವರೆ ಸೆಕೆಂಡು. ಅಷ್ಟರಲ್ಲೇ ವಾಹನ ಸುಮಾರು 42 ಮೀಟರ್ ಮುಂದೆ ಹೋಗಿರುತ್ತದೆ. ಘರ್ಷಣೆಯ ಗುಣಾಂಕ 0.7 ಇರುವ ಒಳ್ಳೆಯ ಒಣ ರಸ್ತೆಯಲ್ಲಿ ಬ್ರೇಕ್ ಒತ್ತಿದ ಬಳಿಕ ನಿಲ್ಲಲು 20 ಮೀಟರ್ ಸಾಕು. ಗುಣಾಂಕ 0.4ಕ್ಕೆ ಇಳಿದರೆ 35 ಮೀಟರ್ ಬೇಕು. ಕೆಸರಿನ ಲೇಪದಿಂದ ಅದು 0.2ಕ್ಕೆ ಇಳಿದರೆ 71 ಮೀಟರ್. ಈಗ ಮುಖ್ಯ ಮಾತು: 60 ಕಿಲೋಮೀಟರ್ ವೇಗದ ರಸ್ತೆಯಲ್ಲಿ ಚಾಲಕನಿಗೆ ಕನಿಷ್ಠ 80 ಮೀಟರ್ ದೂರ ಮುಂದಿನ ಹಾದಿ ಕಾಣುವಂತಿರಬೇಕೆಂದು ರಸ್ತೆ ಕಾಂಗ್ರೆಸ್ ನಿಗದಿಪಡಿಸಿದೆ. ತಿರುವು, ಏರು, ಇಳಿಜಾರುಗಳನ್ನು ಆ ಅಳತೆಗೆ ರೂಪಿಸಲಾಗುತ್ತದೆ. ಆ 80 ಮೀಟರಿನ ಹಿಂದಿರುವ ಗುಣಾಂಕ 0.36, ಅಂದರೆ ಒದ್ದೆ ರಸ್ತೆಯನ್ನು ಎಂಜಿನಿಯರರು ಮೊದಲೇ ಲೆಕ್ಕಕ್ಕೆ ಹಿಡಿದಿದ್ದಾರೆ. ಲೇಪ ಬಳಿದ ರಸ್ತೆಯನ್ನು ಹಿಡಿದಿಲ್ಲ. ಅಲ್ಲಿ ಬೇಕಾಗುವುದು 112 ಮೀಟರ್. ಮೂವತ್ತೆರಡು ಮೀಟರಿನ ಈ ಅಂತರ, ಹೆಚ್ಚು ಕಡಿಮೆ ಮೂರು ಬಸ್ಸುಗಳ ಉದ್ದ, ಯಾವ ನಕ್ಷೆಯಲ್ಲಿಯೂ ಇಲ್ಲ. ನಿಯಮದ ವೇಗದಲ್ಲೇ ಎಚ್ಚರದಿಂದ ಹೋಗುತ್ತಿದ್ದ ಚಾಲಕನೂ ಆ ಅಂತರದೊಳಗೆ ಸಿಲುಕಬಲ್ಲನು.

ಹೊಸಪೇಟೆ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುವ ಊರು. ವಿಜಯಪುರದ ಕಡೆಯಿಂದ ಕುಷ್ಟಗಿಯ ಮೂಲಕ ಬಂದು ಚಿತ್ರದುರ್ಗಕ್ಕೆ ಹೋಗುವ ಇಂದಿನ 50ನೆಯ ಹೆದ್ದಾರಿಗೆ ಹಿಂದೆ 13 ಎಂಬ ಸಂಖ್ಯೆಯಿತ್ತು. ಹುಬ್ಬಳ್ಳಿ, ಗದಗ, ಕೊಪ್ಪಳಗಳ ಕಡೆಯಿಂದ ಬಂದು ಬಳ್ಳಾರಿಗೆ ಹೋಗುವ ಇಂದಿನ 67ನೆಯ ಹೆದ್ದಾರಿ ಜನರ ಬಾಯಲ್ಲಿ ಬಹುಕಾಲ 63 ಆಗಿತ್ತು. ಉತ್ತರ ಕನ್ನಡದವರಿಗೆ ಈ 63ನೆಯ ಸಂಖ್ಯೆ ಮರೆಯುವಂತಹದ್ದಲ್ಲ. 2003ರ ಬಳಿಕ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಸಂಡೂರು, ಹೊಸಪೇಟೆಗಳ ಗಣಿಗಳಿಂದ ಹೊರಟ ಲಾರಿಗಳ ಸಾಲು ಯಲ್ಲಾಪುರವನ್ನು ಹಾದು ಅರಬೈಲು ಘಟ್ಟವನ್ನಿಳಿದು ಬೇಲೆಕೇರಿ ಬಂದರನ್ನು ಸೇರುತ್ತಿದ್ದುದು ಈ ಹಾದಿಯಲ್ಲೇ. ಘಟ್ಟದ ತಿರುವುಗಳಲ್ಲಿ ಚೆಲ್ಲಿದ ಕೆಂಪು ಪುಡಿ ಸಂಡೂರಿನ ಬೆಟ್ಟದ ಪುಡಿಯೇ ಆಗಿತ್ತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಬಂದರುಗಳ ಮೂಲಕ ಅದಿರು ರಫ್ತನ್ನು ನಿಲ್ಲಿಸಿತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ 2011ರ ಜುಲೈ 27ರಂದು ಸಲ್ಲಿಕೆಯಾಯಿತು. ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ನೀಡಿತು. 2013ರ ಏಪ್ರಿಲ್ 18ರ ತೀರ್ಪಿನ ಬಳಿಕ, ಮಿತಿ ಹಾಗೂ ಷರತ್ತುಗಳೊಂದಿಗೆ ಗಣಿಗಳು ಹಂತಹಂತವಾಗಿ ಮತ್ತೆ ತೆರೆದವು. ಆ ಕಥೆ ಓದುಗರಿಗೆ ತಿಳಿದದ್ದೇ. ಆ ಕಥೆಯಲ್ಲಿ ಅರಣ್ಯ, ರಾಜಸ್ವ, ಗಡಿಗಲ್ಲುಗಳ ಮಾತು ಬಂದಷ್ಟು ರಸ್ತೆಯ ಮೈಯ ಮಾತು ಬರಲಿಲ್ಲ.

ಹೆಮಟೈಟ್ ಅದಿರಿನ ಸಾಂದ್ರತೆ ನೀರಿನ ಐದು ಪಟ್ಟು. ಗ್ರಾನೈಟ್ ಕಲ್ಲಿನ ಹೆಚ್ಚು ಕಡಿಮೆ ಎರಡು ಪಟ್ಟು. ಜಲ್ಲಿಯನ್ನೋ ಮರಳನ್ನೋ ತುಂಬಿದ ಲಾರಿ ಮಿತಿ ಮೀರಿದ್ದರೆ ಕಣ್ಣಿಗೆ ಗೊತ್ತಾಗುತ್ತದೆ. ಅದಿರಿನ ಲಾರಿ ಅರ್ಧ ಖಾಲಿಯಂತೆ ಕಂಡರೂ ಭಾರ ತುಂಬಿಹೋಗಿರುತ್ತದೆ. ಮಿತಿಮೀರಿದ ಭಾರದ ಸಾಗಣೆ ಎಷ್ಟು ವ್ಯಾಪಕವಾಗಿತ್ತೆಂಬುದು ಲೋಕಾಯುಕ್ತ ವರದಿಗಳಲ್ಲಿಯೇ ದಾಖಲಾಗಿದೆ. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಎಂಬಲ್ಲಿ 1958ರಿಂದ 1960ರವರೆಗೆ ರಸ್ತೆಗಳ ಮೇಲೆ ಲಾರಿಗಳನ್ನು ಬಿಡುವಿಲ್ಲದೆ ಓಡಿಸಿ ಒಂದು ದೊಡ್ಡ ಪ್ರಯೋಗ ನಡೆಯಿತು. ಅಚ್ಚಿನ ಮೇಲಿನ ಭಾರ ಹೆಚ್ಚಿದಾಗ ರಸ್ತೆಗೆ ಆಗುವ ಹಾನಿ ಆ ಭಾರದ ಸುಮಾರು ನಾಲ್ಕನೆಯ ಘಾತದಲ್ಲಿ ಏರುತ್ತದೆಂಬುದು ಅಲ್ಲಿ ಹೊರಬಂದ ಫಲಿತಾಂಶ. ಮಿತಿಯ ಒಂದೂವರೆ ಪಟ್ಟು ಭಾರ ಹೇರಿದರೆ ಹಾನಿ ಐದು ಪಟ್ಟು. ಎರಡು ಪಟ್ಟು ಹೇರಿದರೆ ಹದಿನಾರು ಪಟ್ಟು. ನಮ್ಮ ದೇಶದಲ್ಲಿ ನಾಲ್ಕು ಟೈರಿನ ಒಂದು ಅಚ್ಚಿಗೆ 10.2 ಟನ್ ಇದ್ದ ಮಿತಿಯನ್ನು 2018ರಲ್ಲಿ 11.5 ಟನ್ನಿಗೆ ಏರಿಸಲಾಯಿತು. ಹಿಂದಿನ ಮಿತಿಗೆ ಕಟ್ಟಿದ ರಸ್ತೆಗಳ ಮೇಲೆ ಇದರ ಪರಿಣಾಮವೇನು ಎಂಬುದನ್ನು ಅದೇ ನಾಲ್ಕನೆಯ ಘಾತದ ಸೂತ್ರದಿಂದ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು.

ಈ ಭಾರ ಡಾಂಬರು ರಸ್ತೆಯಲ್ಲಿ ಚಕ್ರದ ಜಾಡುಗಳನ್ನು ಕೊರೆಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಕಪ್ಪು ಮೈ ಇನ್ನೂ ಹೆಚ್ಚು ಕಾದು ಮೆತ್ತಗಾಗುತ್ತದೆ. ನಿಧಾನವಾಗಿ ಏರು ಹತ್ತುವ ಲಾರಿಯ ಚಕ್ರ ಅದನ್ನು ಒತ್ತಿ ಪಕ್ಕಕ್ಕೆ ತಳ್ಳುತ್ತದೆ. ಜಲ್ಲಿ ಒಳಗೆ ಇಳಿದು ಡಾಂಬರು ಮೇಲಕ್ಕೆ ಉಕ್ಕಿ ಕನ್ನಡಿಯಂತೆ ಹೊಳೆಯುವ ಪಟ್ಟಿಗಳಾಗುತ್ತವೆ. ಬಿಸಿಲಿನಲ್ಲಿ ನಿರಪಾಯಕಾರಿಯಾಗಿ ತೋರುವ ಈ ಪಟ್ಟಿ ಒದ್ದೆಯಾದಾಗ ಅತ್ಯಂತ ಜಾರುವ ಜಾಗ. ಜಾಡುಗಳು ಮಳೆಯಲ್ಲಿ ಉದ್ದನೆಯ ತೊಟ್ಟಿಗಳಾಗುತ್ತವೆ. ನೀರು ಅಂಚಿಗೆ ಹರಿದುಹೋಗಲೆಂದು ರಸ್ತೆಯ ನಡುವನ್ನು ಎತ್ತರ ಮಾಡಿರುತ್ತಾರೆ. ಒಳ್ಳೆಯ ಡಾಂಬರು, ಕಾಂಕ್ರೀಟ್ ರಸ್ತೆಗಳಲ್ಲಿ ಈ ಓರೆ ನೂರಕ್ಕೆ ಎರಡರಷ್ಟು, ಗರಸು ರಸ್ತೆಯಲ್ಲಿ ಮೂರರಷ್ಟು, ಮಣ್ಣಿನ ರಸ್ತೆಯಲ್ಲಿ ನಾಲ್ಕರಷ್ಟು. ಜಾಡು ಬಿದ್ದ ಮೇಲೆ ಆ ಓರೆ ಇದ್ದೂ ಇಲ್ಲದಂತಾಗುತ್ತದೆ.

ತೊಟ್ಟಿಯಲ್ಲಿ ನಿಂತ ನೀರಿನ ಮೇಲೆ ವೇಗವಾಗಿ ಬಂದ ಕಾರಿನ ಟೈರು ನೀರನ್ನು ಸೀಳಲಾರದೆ ಅದರ ಮೇಲೆ ತೇಲುತ್ತದೆ. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದಲ್ಲಿ ವಾಲ್ಟರ್ ಹಾರ್ನ್ ಅವರು 1960ರ ದಶಕದಲ್ಲಿ ವಿಮಾನದ ಟೈರುಗಳಿಗಾಗಿ ಕಂಡುಕೊಂಡ ಸೂತ್ರದಂತೆ, ತೇಲುವ ವೇಗ ಟೈರಿನ ಗಾಳಿಯ ಒತ್ತಡದ ವರ್ಗಮೂಲವನ್ನು ಅವಲಂಬಿಸುತ್ತದೆ. 30 ಪೌಂಡು ಗಾಳಿಯಿರುವ ಕಾರು ಸುಮಾರು 90 ಕಿಲೋಮೀಟರ್ ವೇಗದಲ್ಲಿ ತೇಲತೊಡಗಿದರೆ, ಗಾಳಿ 25ಕ್ಕೆ ಇಳಿದ ಕಾರು 83ರಲ್ಲೇ ತೇಲುತ್ತದೆ. ಭಾರ ತುಂಬಿದ ಲಾರಿ ಹೆದ್ದಾರಿಯ ವೇಗದಲ್ಲಿ ತೇಲುವುದಿಲ್ಲ. ಖಾಲಿ ಲಾರಿ ತೇಲಬಲ್ಲದು. ಭಾರವಿಲ್ಲದ ಟೈರು ನೆಲವನ್ನು ಮುಟ್ಟುವ ಗುರುತು ಗಿಡ್ಡವಾಗಿ ಅಗಲವಾಗುವುದರಿಂದ ನೀರು ಹೊರಹೋಗಲು ದಾರಿ ಸಾಲುವುದಿಲ್ಲವೆಂಬುದನ್ನೂ ಹಾರ್ನ್ ಮುಂದೆ ತೋರಿಸಿದರು. ಅದಿರು ಇಳಿಸಿ ಗಣಿಗೆ ಮರಳುವ ಲಾರಿ ಖಾಲಿಯಾಗಿರುತ್ತದೆ, ಮುಂದಿನ ಬಾಡಿಗೆಗಾಗಿ ವೇಗವಾಗಿಯೂ ಇರುತ್ತದೆ. ಎದುರಿನಿಂದ ತುಂಬಿದ ಲಾರಿ ಬಂದರೆ ಹೆದರುವ ಬೈಕಿನವರು ಮಳೆಯಲ್ಲಿ ಖಾಲಿ ಲಾರಿಗೂ ಅಷ್ಟೇ ದೂರ ಬಿಡುವುದು ಒಳಿತು.

ಸಂಡೂರಿನ ವಿಶೇಷ ಸಮಸ್ಯೆ ಇನ್ನೂ ಬೇರೆ. ಬೇರೆ ಊರುಗಳಲ್ಲಿ ಮೊದಲ ಮಳೆಯ ಲೇಪ ಎರಡನೆಯ, ಮೂರನೆಯ ಮಳೆಗೆ ತೊಳೆದುಹೋಗುತ್ತದೆ. ಅದಿರು ಸಾಗುವ ರಸ್ತೆಯಲ್ಲಿ ಹಾಗಾಗದು. ಇಂದು ತೊಳೆದುಹೋದ ಪುಡಿಯ ಜಾಗಕ್ಕೆ ನಾಳೆಯ ಲಾರಿ ಹೊಸ ಪುಡಿ ತರುತ್ತದೆ. ತಾಡಪಾಲು ಹೊದಿಸಿದ್ದರೂ ಚಕ್ರಗಳಿಗೆ ಅಂಟಿದ ಗಣಿಯ ಕೆಸರು ಡಾಂಬರಿಗೆ ಬಂದೇ ಬರುತ್ತದೆ. ಅಂದರೆ ಅಲ್ಲಿ ಪ್ರತಿ ಮಳೆಯೂ ಮೊದಲ ಮಳೆಯೇ. ಅದಿರಿನ ಕಣ ನುಣ್ಣಗಿರುತ್ತದೆ, ಭಾರವೂ ಹೆಚ್ಚು. ಸಾಧಾರಣ ಮಣ್ಣಿನಂತೆ ಗಾಳಿಗೆ ಹಾರಿಹೋಗದೆ ಜಲ್ಲಿಯ ನಡುವಿನ ತಗ್ಗುಗಳಲ್ಲಿ ಕುಳಿತುಬಿಡುತ್ತದೆ. ನೀರು ಓಡಬೇಕಾದ ಕಾಲುವೆಗಳಲ್ಲಿ ಹೂಳು ತುಂಬಿದಂತೆ.

ಇದಕ್ಕೆ ಮಾಡಿರುವ ಉಪಾಯವೊಂದು ಮತ್ತೊಂದು ತೊಂದರೆಗೆ ದಾರಿಯಾಗಿರುವುದನ್ನೂ ಹೇಳಬೇಕು. ದೂಳು ಏಳದಂತೆ ಟ್ಯಾಂಕರಿನಿಂದ ರಸ್ತೆಗೆ ನೀರು ಚಿಮುಕಿಸುವುದು ಗಣಿಗಳಿಗೆ ವಿಧಿಸುವ ಸಾಮಾನ್ಯ ಷರತ್ತು. ಗಣಿಯೊಳಗಿನ ಕಚ್ಚಾ ಹಾದಿಯಲ್ಲಿ ಅದು ಸರಿಯಾದ ಕ್ರಮ. ಡಾಂಬರು ರಸ್ತೆಯಲ್ಲಿ ಪುಡಿಯನ್ನು ಗುಡಿಸದೆ ನೀರು ಹಾಕುವುದೆಂದರೆ ಮೊದಲ ಮಳೆಯನ್ನು ಕೈಯಾರೆ ತರಿಸಿದಂತೆ. ಉಸಿರಿಗೆ ಒಳ್ಳೆಯದಾದದ್ದು ಚಕ್ರಕ್ಕೆ ಕೆಟ್ಟದ್ದಾಗುತ್ತದೆ. ಮಾರ್ಚ್ ತಿಂಗಳ ಸುಡುಬಿಸಿಲಿನಲ್ಲಿ, ಮಳೆಯ ಸುಳಿವೇ ಇಲ್ಲದ ದಿನ, ಬೈಕು ಜಾರಿ ಬಿದ್ದರೆ ಪೊಲೀಸ್ ದಾಖಲೆಯ ಹವಾಮಾನದ ಕಲಮಿನಲ್ಲಿ ತಿಳಿಯಾದ ಹವೆ ಎಂದೇ ಬರೆಯಲಾಗುತ್ತದೆ. ಗುಡಿಸಿ, ಹೀರಿ ತೆಗೆಯುವ ಯಂತ್ರ, ಗಣಿಯ ಬಾಗಿಲಿನಲ್ಲಿ ಚಕ್ರ ತೊಳೆಯುವ ತೊಟ್ಟಿ, ಇವು ಇಲ್ಲದೆ ಬರಿಯ ಟ್ಯಾಂಕರ್ ಸಾಲದು. ಇದಕ್ಕಿಂತಲೂ ಒಳ್ಳೆಯ ದಾರಿ ಅದಿರನ್ನು ರಸ್ತೆಯಿಂದಲೇ ತೆಗೆಯುವುದು. ನಂದಿಹಳ್ಳಿಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಸುಮಾರು 24 ಕಿಲೋಮೀಟರ್ ಉದ್ದದ ಕೊಳವೆಯಾಕಾರದ ಕನ್ವೇಯರ್ ಬಂದಿರುವುದು ಆ ದಿಕ್ಕಿನ ಹೆಜ್ಜೆ. ಕನ್ವೇಯರಿಗೂ ಕಾಡಿನ ಜಾಗ ಬೇಕಾಗುತ್ತದೆಂಬ ಆಕ್ಷೇಪ ಸರಿಯೇ. ಆದರೂ ರಸ್ತೆಯ ಮೇಲಿನ ಸಾವುಗಳನ್ನು ತಕ್ಕಡಿಯ ಇನ್ನೊಂದು ಕಡೆ ಇಟ್ಟು ನೋಡಬೇಕು.

ಹಾಗಾದರೆ ಯಾವ ರಸ್ತೆ ಒಳ್ಳೆಯದು? ಕಾಂಕ್ರೀಟ್ ಎಂಬುದು ಈಗಿನ ಸಿದ್ಧ ಉತ್ತರ. ಶಿರಾಡಿ ಘಟ್ಟದ ಹೆದ್ದಾರಿಗೆ 2015 ಮತ್ತು 2018ರಲ್ಲಿ ಎರಡು ಹಂತಗಳಲ್ಲಿ ಕಾಂಕ್ರೀಟ್ ಹಾಕಿದ್ದು ಮಲೆನಾಡಿನವರಿಗೆ ಗೊತ್ತು. ಕಾಂಕ್ರೀಟಿನಲ್ಲಿ ಚಕ್ರದ ಜಾಡು ಬೀಳುವುದಿಲ್ಲ, ಬಿಸಿಲಿಗೆ ಅದು ಉಕ್ಕುವುದೂ ಇಲ್ಲ. ಅದಿರಿನ ಭಾರಕ್ಕೆ ತಕ್ಕದ್ದು. ಆದರೆ ಅದರ ಹಿಡಿತವೆಲ್ಲ ಹಸಿಯಿರುವಾಗ ಮೈಮೇಲೆ ಎಳೆದ ಗೆರೆಗಳಲ್ಲಿದೆ. ಗೆರೆ ಸವೆದರೆ, ಅಥವಾ ಕೆಂಪು ಪುಡಿ ತುಂಬಿದರೆ, ಉಳಿಯುವುದು ನುಣುಪು ಹಾಸು. ನೀರನ್ನು ಒಳಗೆ ಹೀರಿ ಹರಿಸುವ ರಂಧ್ರಗಳುಳ್ಳ ಡಾಂಬರು ಬೇರೆ ದೇಶಗಳಲ್ಲಿ ಬಳಕೆಯಲ್ಲಿದೆ. ಸಂಡೂರಿನಲ್ಲಿ ಅದರ ರಂಧ್ರಗಳು ಅದಿರಿನ ಪುಡಿಯಿಂದ ಬೇಗ ಕಟ್ಟಿಕೊಳ್ಳುವುದರಿಂದ ಅದು ಈ ನೆಲಕ್ಕೆ ಹೇಳಿದ್ದಲ್ಲ. ಗ್ರಾಮೀಣ ರಸ್ತೆಗಳಿಗೆ ಹಾಕುವ 20 ಮಿಲಿಮೀಟರ್ ತೆಳುವಿನ ಡಾಂಬರು ಹೊದಿಕೆ ಅದಿರಿನ ಲಾರಿಗೆ ಮಾಡಿದ್ದೇ ಅಲ್ಲ. ಟೋಲ್ ತಪ್ಪಿಸಲು ಲಾರಿಗಳು ಹಳ್ಳಿಯ ದಾರಿ ಹಿಡಿದರೆ ಮೊದಲ ಮಳೆಗಾಲಕ್ಕೇ ಅದು ಕಿತ್ತುಹೋಗುತ್ತದೆ. ಕಿತ್ತ ಸಡಿಲು ಜಲ್ಲಿ ಬೈಕಿಗೆ ಒಣಹವೆಯಲ್ಲೂ ಅಪಾಯ. ಈ ಸೀಮೆಯ ಗ್ರಾನೈಟಿನ ಸ್ವಭಾವವೂ ಇಲ್ಲಿ ಸೇರುತ್ತದೆ. ಸಿಲಿಕಾ ಹೆಚ್ಚಿರುವ ಕಲ್ಲಿಗೆ ಡಾಂಬರಿಗಿಂತ ನೀರಿನ ಮೇಲೆ ಒಲವು ಹೆಚ್ಚು. ನೀರು ಒಳಸೇರಿದರೆ ಡಾಂಬರು ಕಲ್ಲನ್ನು ಬಿಡುತ್ತದೆ. ಸ್ವಲ್ಪ ಸುಣ್ಣದ ಪುಡಿಯನ್ನು ಮಿಶ್ರಣಕ್ಕೆ ಸೇರಿಸಿದರೆ ಬಂಧ ಬಲವಾಗುತ್ತದೆ. ನಿಯಮದಲ್ಲಿರುವ ಅಗ್ಗದ ಪರಿಹಾರವಿದು. ಕೆಲಸದ ಜಾಗದಲ್ಲಿ ಮರೆತುಹೋಗುವುದೂ ಇದೇ ಮೊದಲು.

ಕಂಪ್ಲಿಯ ಕಡೆ ಹೋದರೆ ನೆಲ ಬದಲಾಗುತ್ತದೆ, ಅಪಾಯದ ಬಣ್ಣವೂ ಬದಲಾಗುತ್ತದೆ. ತುಂಗಭದ್ರೆಯ ಕಾಲುವೆಗಳ ನೀರಿನಿಂದ ಭತ್ತ, ಕಬ್ಬು ಬೆಳೆಯುವ ಎರೆ ಭೂಮಿ ಅದು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಅದರ ಮೇಲಿನ ರಸ್ತೆ ಅಲೆಯಲೆಯಾಗಿ ಏಳುತ್ತದೆ, ಅಂಚು ಒಡೆಯುತ್ತದೆ. ಡಾಂಬರಿಗಿಂತ ಪಕ್ಕದ ಮಣ್ಣು ಒಂದು ಗೇಣು ಕೆಳಗಿರುವಲ್ಲಿ, ಎದುರಿನ ವಾಹನಕ್ಕೆ ದಾರಿ ಬಿಡಲು ಕೆಳಗಿಳಿದ ಬೈಕು ಒದ್ದೆ ಎರೆಯಲ್ಲಿ ನಿಲ್ಲದು. ನಾಟಿಯ ಕಾಲದಲ್ಲಿ ಗದ್ದೆಯಿಂದ ಹೊರಬಂದ ಟ್ರ್ಯಾಕ್ಟರು ತಂದ ಕೆಸರು ರಸ್ತೆಯ ಮೇಲೆ ಮೈಲುಗಟ್ಟಲೆ ಬೀಳುತ್ತದೆ. ಕಬ್ಬಿಣದ ಕೇಜ್ ವೀಲ್‌ಗಳನ್ನು ಕಳಚದೆ ಓಡಿಸಿದಲ್ಲಿ ಡಾಂಬರೇ ಕಿತ್ತುಬರುತ್ತದೆ. ಇಲ್ಲಿ ಗಣಿಯ ಮೇಲೆ ತಪ್ಪು ಹೊರಿಸುವಂತಿಲ್ಲ. ಕೆಸರು ರೈತರದ್ದೇ, ಜಾರಿ ಬೀಳುವ ಬೈಕೂ ಬಹುಪಾಲು ರೈತರ ಮಕ್ಕಳದ್ದೇ. 2022ರ ರಾಷ್ಟ್ರೀಯ ಲೆಕ್ಕದಲ್ಲಿ ರಸ್ತೆಯಲ್ಲಿ ಸತ್ತವರಲ್ಲಿ ಶೇಕಡ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಕಂಪ್ಲಿ ಮತ್ತು ಗಂಗಾವತಿಗಳ ನಡುವಿನ ಸೇತುವೆಯಂತೂ ಮಳೆ ಕಂಪ್ಲಿಯಲ್ಲಿ ಬಾರದೆಯೂ ಮುಳುಗುತ್ತದೆ. 2019ರ ಆಗಸ್ಟಿನಲ್ಲಿ ಜಲಾಶಯದಿಂದ ಎರಡು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟಾಗ ಸೇತುವೆಯ ಮೇಲೆ ಹೊಳೆ ಹರಿಯಿತು. ಆ ನೀರು ಮಲೆನಾಡಿನ ತುಂಗಾ, ಭದ್ರಾಗಳ ಮಳೆ.

ಹಂಪಿಯ ಮಾತು ಚಿಕ್ಕದು. ಹೊಸಪೇಟೆಯಿಂದ ಕಮಲಾಪುರದ ಕಡೆಗಿನ ಹಾದಿ ಬಂಡೆಗಳ ನಡುವೆ ಸುತ್ತುತ್ತದೆ. ಹಾಸುಬಂಡೆ ಒಂದು ಹನಿಯನ್ನೂ ಹೀರದು. ಸುರಿದದ್ದೆಲ್ಲ ನಿಮಿಷಗಳಲ್ಲಿ ಇಳಿದು ಮರಳನ್ನು ಹೊತ್ತು ರಸ್ತೆಗೆ ಬರುತ್ತದೆ. ಬಾಡಿಗೆಯ ಬೈಕು ಹತ್ತಿದ, ಊರಿಗೆ ಹೊಸಬರಾದ ಪ್ರವಾಸಿಗಳು ತಿರುವಿನಲ್ಲಿ ಆ ಮರಳಿನ ಮೇಲೆ ಬ್ರೇಕ್ ಒತ್ತುತ್ತಾರೆ. ಇಲ್ಲಿ ಬೇಕಿರುವುದು ಅಗಲವಾದ ರಸ್ತೆಯಲ್ಲ. ಸ್ಮಾರಕಗಳ ನಡುವೆ ಅದು ಬರಲೂಬಾರದು. ತಿರುವಿನ ಮೇಲ್ಬದಿಗೆ ಒಂದು ಚರಂಡಿ, ಮಳೆ ನಿಂತ ಬಳಿಕ ಒಂದು ಪೊರಕೆ ಸಾಕು.

ಅಪಘಾತವಾದ ಮೇಲೆ ಬರೆಯಲಾಗುವ ಕಾಗದದಲ್ಲಿ ಇದೆಲ್ಲ ಎಲ್ಲಿದೆ? ಅತಿವೇಗ ಮತ್ತು ಅಜಾಗರೂಕತೆ ಎಂಬ ಎರಡು ಪದಗಳು ಪ್ರತಿ ಪ್ರಕರಣದಲ್ಲೂ ಬರುತ್ತವೆ. ಹಿಂದೆ ಭಾರತೀಯ ದಂಡ ಸಂಹಿತೆಯ 279, 304ಎ ಕಲಮುಗಳು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281, 106. ಕಲಮು ಬದಲಾದರೂ ಆರೋಪಿ ಬದಲಾಗಲಿಲ್ಲ, ಅವನು ಚಾಲಕನೇ. ಚಾಲಕರು ನಿರಪರಾಧಿಗಳೆಂಬುದು ಇಲ್ಲಿನ ವಾದವಲ್ಲ. ಕುಡಿದು, ನಿದ್ದೆಗೆಟ್ಟು, ಬಾಡಿಗೆಯ ಆಸೆಗೆ ಓಡಿಸುವವರು ಇದ್ದಾರೆ. ಆದರೆ ಅದೇ ತಿರುವಿನಲ್ಲಿ, ವರ್ಷ ವರ್ಷವೂ ಮೊದಲ ಮಳೆಗೆ, ಬೇರೆ ಬೇರೆ ಚಾಲಕರು ಜಾರಿದರೆ ವಿಚಾರಣೆಗೆ ಒಳಗಾಗಬೇಕಾದದ್ದು ಆ ತಿರುವು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198ಎ ಕಲಮು ಇದಕ್ಕೆ ಬಾಗಿಲು ತೆರೆದಿದೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಗಳಲ್ಲಿ ನಿಗದಿತ ಮಾನದಂಡ ಪಾಲಿಸದ ಕಾರಣ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರ ಅಥವಾ ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಮೊತ್ತ ಅಲ್ಪವೆಂಬುದು ನಿಜ. ಆದರೂ ಕಲಮನ್ನು ಬಳಸಬೇಕಾದರೆ ರಸ್ತೆಯ ಮೈ ಆ ದಿನ ಹೇಗಿತ್ತೆಂಬ ಸಾಕ್ಷ್ಯ ಬೇಕು. ಸಾಕ್ಷ್ಯ ಮುಂದಿನ ಮಳೆಗೆ ತೊಳೆದುಹೋಗುತ್ತದೆ. ಅಪಘಾತದ ದಿನವೇ ತೆಗೆದ, ದಿನಾಂಕವಿರುವ ಚಿತ್ರಗಳು, ಹಿಂದಿನ ಮಳೆ ಬಂದ ದಿನ, ಟ್ಯಾಂಕರ್ ನೀರು ಹಾಕಿದ ಹೊತ್ತು, ಇವು ಗ್ರಾಮಸ್ಥರ ಬಳಿಯೇ ಇರಬಲ್ಲ ದಾಖಲೆಗಳು.

ಹಣದ ಕೊರತೆಯ ಮಾತು ಈ ಜಿಲ್ಲೆಗಳಲ್ಲಿ ನಡೆಯುವುದಿಲ್ಲ. ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕಾಗಿ 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಸ್ಥಾಪನೆಯಾಯಿತು; ಸಾವಿರಾರು ಕೋಟಿ ರೂಪಾಯಿಗಳ ಈ ನಿಧಿಯ ಬಳಕೆಯ ಮೇಲ್ವಿಚಾರಣೆಗೆ ಸುಪ್ರೀಂ ಕೋರ್ಟು 2022ರಲ್ಲಿ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ನೇಮಿಸಿತು. ಅದರ ಯೋಜನೆಗಳಲ್ಲಿ ರಸ್ತೆಗಳೂ ಸೇರಿವೆ. ರಸ್ತೆಯೆಂದೊಡನೆ ಅಗಲ, ಉದ್ದ, ಕಿಲೋಮೀಟರುಗಳನ್ನಷ್ಟೇ ಎಣಿಸುವ ಅಭ್ಯಾಸ ಬದಲಾಗಬೇಕಿದೆ. ಹೊಸ ಗಣಿಗಳ ಪರಿಸರ ವರದಿಗಳಲ್ಲಿಯೂ ಇದೇ ಕುಂದು. 2024ರಲ್ಲಿ ವಿವಾದಕ್ಕೀಡಾದ ಸಂಡೂರಿನ ದೇವದಾರಿ ಗಣಿ ಯೋಜನೆಯಲ್ಲಿ ಸುಮಾರು 401 ಹೆಕ್ಟೇರ್ ಅರಣ್ಯ, 99 ಸಾವಿರಕ್ಕೂ ಹೆಚ್ಚು ಮರಗಳು ಹೋಗುವ ಮಾತು ಎಲ್ಲೆಡೆ ಚರ್ಚೆಯಾಯಿತು, ಆಗಲೇಬೇಕಿತ್ತು. ಇಂತಹ ವರದಿಗಳ ಸಾರಿಗೆಯ ಅಧ್ಯಾಯ ಸಾಮಾನ್ಯವಾಗಿ ದಿನಕ್ಕೆ ಎಷ್ಟು ವಾಹನ, ರಸ್ತೆಗೆ ಎಷ್ಟು ಹಿಡಿಸುತ್ತದೆ ಎಂಬ ಗುಣಾಕಾರಕ್ಕೆ ಮುಗಿಯುತ್ತದೆ. ಅಷ್ಟು ಲಾರಿಗಳು ಬಿಟ್ಟುಹೋಗುವ ಪುಡಿಯ ಮೇಲೆ ಹಸ್ತಾ, ಚಿತ್ತಾ ಮಳೆ ಬಿದ್ದಾಗ ರಸ್ತೆಯ ಹಿಡಿತ ಎಷ್ಟಕ್ಕಿಳಿಯುತ್ತದೆ ಎಂಬ ಪ್ರಶ್ನೆಯನ್ನು ಸಾರ್ವಜನಿಕ ಅಹವಾಲಿನ ಸಭೆಯಲ್ಲಿ ಗ್ರಾಮಸ್ಥರೇ ಎತ್ತಬೇಕು. ಅದಕ್ಕೆ ಪರೀಕ್ಷಾ ಯಂತ್ರಗಳಿವೆ, ಮಾಡಿಸಲು ಹಣವೂ ಇದೆ.

ಯಂತ್ರ ಬರುವವರೆಗೆ ಶಾಲೆಯ ವಿಜ್ಞಾನ ಸಂಘವೇ ಮಾಡಬಹುದಾದ ಒಂದು ಅಳತೆಯಿದೆ. ಹೆದ್ದಾರಿಯಲ್ಲಿ ಅಲ್ಲ, ವಾಹನ ನಿಲ್ಲಿಸಿ ಕಾವಲಿಗೆ ಹಿರಿಯರು ನಿಂತ ಊರಿನ ರಸ್ತೆಯಲ್ಲಿ. ಒಣಗಿದ, ಜರಡಿ ಹಿಡಿದ ಒಂದೇ ಸಮನಾದ ಸಣ್ಣ ಮರಳನ್ನು 25 ಮಿಲಿಲೀಟರ್ ಅಳೆದು ಗುಡಿಸಿದ ರಸ್ತೆಯ ಮೇಲೆ ಸುರಿಯಬೇಕು. ಚಪ್ಪಟೆ ಹಲಗೆಯಿಂದ ಸುತ್ತಿಸುತ್ತ, ಮರಳು ಜಲ್ಲಿಯ ತಗ್ಗುಗಳನ್ನು ತುಂಬಿ ಇನ್ನು ಹರಡದೆ ನಿಲ್ಲುವವರೆಗೆ ದುಂಡಗೆ ಹರಡಬೇಕು. ದುಂಡಿನ ಅಡ್ಡಳತೆ 20 ಸೆಂಟಿಮೀಟರ್ ಬಂದರೆ ತಗ್ಗುಗಳ ಸರಾಸರಿ ಆಳ 0.8 ಮಿಲಿಮೀಟರ್. 30 ಬಂದರೆ 0.35 ಮಾತ್ರ, ಆ ಮೈಗೆ ನೀರು ಓಡಿಸುವ ಶಕ್ತಿ ಉಳಿದಿಲ್ಲ. ಒಮ್ಮೆ ಗುಡಿಸುವ ಮೊದಲು, ಇನ್ನೊಮ್ಮೆ ಚೆನ್ನಾಗಿ ಗುಡಿಸಿ ತೊಳೆದು ಒಣಗಿಸಿದ ಬಳಿಕ ಅಳೆದರೆ, ಎರಡು ಅಂಕಿಗಳ ವ್ಯತ್ಯಾಸವೇ ದೂಳು ನುಂಗಿದ ಆಳ. ಲಾರಿ ಓಡುವ ಊರಿನಲ್ಲಿ ಒಂದು, ಓಡದ ಊರಿನಲ್ಲಿ ಒಂದು ಅಳತೆ ತೆಗೆದು ಪಕ್ಕಪಕ್ಕ ಬರೆದು ಗ್ರಾಮಸಭೆಯ ನಡಾವಳಿಗೆ ಸೇರಿಸಬಹುದು. ಭರಣಿ ಮಳೆ ಹುಟ್ಟುವುದು ಏಪ್ರಿಲ್ ಕೊನೆಯ ವಾರದಲ್ಲಿ. ಅಳತೆ ಜನವರಿಯಲ್ಲಿ ಮುಗಿದು, ರಸ್ತೆ ಗುಡಿಸಬೇಕೆಂಬ, ಚರಂಡಿಯ ಹೂಳೆತ್ತಬೇಕೆಂಬ, ಉಕ್ಕಿದ ಡಾಂಬರಿನ ಪಟ್ಟಿಗಳ ಮೇಲೆ ಹೊಸ ಜಲ್ಲಿ ಕೂರಿಸಬೇಕೆಂಬ ಠರಾವು ಫೆಬ್ರವರಿಯಲ್ಲಿ ಇಲಾಖೆಗೆ ತಲುಪಿದರೆ, ಮೊದಲ ಹನಿಗೆ ಮುಂಚೆ ಎರಡು ತಿಂಗಳು ಕೈಯಲ್ಲಿರುತ್ತವೆ.